ರೂಟರಿನ ಯಜಮಾನಿಕೆ

ಅಣ್ಣತಮ್ಮಂದಿರು ಪಾಲಾಗಿ, ಒಲೆಗಳು ಬೇರೆಯಾಗಿ, ಹಿರಿಯರ ಮನೆಯ ನಡುವೆ ಗೋಡೆಯೆದ್ದು, ಹಿತ್ತಿಲಿನ ತೆಂಗಿನ ಮರಗಳನ್ನು ಕೂಡ ಎಣಿಸಿ ಹಂಚಿಕೊಂಡ ಮೇಲೆಯೂ ನಮ್ಮ ಕಾಲದ ಸಂಸಾರದಲ್ಲಿ ಅವಿಭಕ್ತವಾಗಿ ಉಳಿದಿರತಕ್ಕ ವಸ್ತು ಯಾವುದಾದರೂ ಉಂಟೆಂದರೆ ಅದು ಮನೆಯ ಇಂಟರ್‌ನೆಟ್ ಸಂಪರ್ಕವೇ ಸರಿ. ಬೀದಿಯ ಕಂಬದಿಂದ ಹೊರಟು ಕಿಟಕಿಯ ಚೌಕಟ್ಟಿನಲ್ಲಿ ಕೊರೆದ ರಂಧ್ರದೊಳಗಿಂದ ನುಸುಳಿ ಬರುವ ಆ ಒಂದೇ ಒಂದು ಸಣ್ಣ ಎಳೆಯನ್ನು ನಂಬಿಕೊಂಡು ಮನೆಯ ಯಜಮಾನರು ಕಚೇರಿಯ ಲೆಕ್ಕಪತ್ರಗಳನ್ನು ರವಾನಿಸುತ್ತಾರೆ. ಅದೇ ಮುಹೂರ್ತದಲ್ಲಿ ಮಗಳು ಒಳಕೋಣೆಯಲ್ಲಿ ಕುಳಿತು ದೂರದ ಅಧ್ಯಾಪಕರೊಬ್ಬರ ಪಾಠವನ್ನು ಕೇಳುತ್ತಾಳೆ. ಮಗನು ಎಲ್ಲಿಯೋ ಇರುವ ಗೆಳೆಯರೊಡನೆ ಆಟದ ಯುದ್ಧದಲ್ಲಿ ಮಗ್ನನಾಗಿರುತ್ತಾನೆ. ಅಜ್ಜಿಯು ಟೀವಿಯಲ್ಲಿ ಹರಿಕಥೆಯನ್ನು ಹಾಕಿಸಿಕೊಂಡು ಅರ್ಧನಿದ್ರೆಯಲ್ಲಿ ಆಲಿಸುತ್ತಿರುತ್ತಾಳೆ. ಗೇಟಿನ ಕ್ಯಾಮೆರಾವಾದರೋ ಯಾರೂ ಸುಳಿಯದ ಬೀದಿಯನ್ನು ಎವೆಯಿಕ್ಕದೆ ನೋಡುತ್ತ, ನೋಡಿದ್ದನ್ನೆಲ್ಲ ಕಾಣದ ಊರಿಗೆ ಕಳುಹಿಸುತ್ತಲೇ ಇರುತ್ತದೆ. ಇವರೆಲ್ಲರೂ ಒಂದೇ ಆಸ್ತಿಯ ಅನುಭೋಗಿಗಳು. ಆ ಆಸ್ತಿಯು ಯಾವ ನ್ಯಾಯದಂತೆ ಹಂಚಿಕೆಯಾಗುತ್ತಿದೆ, ಹಂಚುವ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡಂತಿಲ್ಲ.

ಈ ಸ್ಥಿತಿಯನ್ನು ವಿವರಿಸುವುದಕ್ಕೆ ತಂತ್ರಜ್ಞರ ಪರಿಭಾಷೆಗಿಂತಲೂ ನಮ್ಮ ಧರ್ಮಶಾಸ್ತ್ರದ ಪರಿಭಾಷೆಯೇ ಹೆಚ್ಚು ಒಪ್ಪುವುದೆಂದು ನನಗೆ ತೋರುತ್ತದೆ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗಿನ ಬಸವಕಲ್ಯಾಣವಾದ ಅಂದಿನ ಕಲ್ಯಾಣದಲ್ಲಿದ್ದುಕೊಂಡು, ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನ ಹೆಸರಿನಲ್ಲಿ ಬೆಳೆದುಬಂದ ನ್ಯಾಯಕ್ರಮದ ಪ್ರಕಾರ, ಅವಿಭಕ್ತ ಕುಟುಂಬದ ದಾಯಾದನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕುಂಟು. ಆದರೆ ವಿಭಾಗವಾಗುವ ತನಕ ಇಷ್ಟು ನನ್ನದೆಂದು ಅವನು ಬೆರಳಿಟ್ಟು ತೋರಿಸುವಂತಿಲ್ಲ. ಮನೆಯಲ್ಲಿ ಒಂದು ಜನನವಾದರೆ ಎಲ್ಲರ ಪಾಲೂ ಕುಗ್ಗುತ್ತದೆ; ಒಂದು ಮರಣವಾದರೆ ಉಳಿದವರ ಪಾಲು ಹಿಗ್ಗುತ್ತದೆ. ಮನೆಯ ವೈ-ಫೈ ನಡೆಯುವ ರೀತಿ ತದ್ವತ್ ಇದೇ ಆಗಿದೆ. ಒಬ್ಬರೇ ಎಚ್ಚರವಾಗಿದ್ದರೆ ಸಂಪರ್ಕದ ಸಮಸ್ತ ವೇಗವೂ ಅವರದು. ಇನ್ನೊಂದು ಫೋನು ಎದ್ದಿತೆಂದರೆ ಅರ್ಧ. ಮೂರನೆಯದು ಎದ್ದರೆ ಇನ್ನೂ ಕಡಮೆ. ನಿಶ್ಚಿತವಾದ ಪಾಲೆಂಬುದು ಯಾರಿಗೂ ಇಲ್ಲ. ಅಲ್ಲದೆ, ಅವಿಭಕ್ತ ಕುಟುಂಬಕ್ಕೆ ಕರ್ತನೊಬ್ಬನಿದ್ದು, ಒಳಗಿನವರ ವ್ಯವಹಾರಕ್ಕೆಲ್ಲ ಹೊರಗಿನವರ ಎದುರಿನಲ್ಲಿ ಅವನೇ ಉತ್ತರ ಕೊಡಬೇಕಾಗಿರುವಂತೆ, ಈ ಸಂಪರ್ಕಕ್ಕೂ ಬಿಲ್ಲಿನ ಮೇಲೆ ಹೆಸರಿರುವ ಒಬ್ಬ ಕರ್ತನುಂಟು. ಶಾಸ್ತ್ರದ ಕರ್ತನಿಗೆ ಹೊಣೆಯ ಜೊತೆಗೆ ಅಧಿಕಾರವೂ ಇದ್ದಿತು. ನಮ್ಮ ಕರ್ತನ ಕೈಗೆ ಹೊಣೆಯೊಂದನ್ನೇ ಕೊಟ್ಟು ಅಧಿಕಾರವನ್ನು ಸಂಪರ್ಕ ಕೊಡುವ ಕಂಪನಿಯು ತನ್ನಲ್ಲಿಯೇ ಇಟ್ಟುಕೊಂಡಿದೆ. ಇದು ಸರಿಯಲ್ಲವೆಂಬುದೇ ನನ್ನ ವಾದ.

ಈ ಏರ್ಪಾಡು ಹೇಗೆ ಬಂದಿತೆಂಬುದನ್ನು ಸ್ವಲ್ಪ ಹಿಂತಿರುಗಿ ನೋಡುವುದು ಉಚಿತ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ಟಿನ ಬಾಗಿಲನ್ನು ತೆರೆದಾಗ, ಒಂದು ಟೆಲಿಫೋನು, ಒಂದು ಮೋಡೆಮ್, ಒಂದು ಕಂಪ್ಯೂಟರು ಎಂಬುದೇ ಸಂಪರ್ಕದ ಅರ್ಥವಾಗಿದ್ದಿತು. ಮೋಡೆಮ್ ಕೀಚುಗುಟ್ಟುತ್ತಿರುವಷ್ಟು ಹೊತ್ತು ಮನೆಗೆ ಬೇರೆ ಕರೆಯೇ ಬರುವಂತಿರಲಿಲ್ಲ. ಹಂಚಿಕೊಳ್ಳುವ ಮಾತು ಹಾಗಿರಲಿ, ಟೆಲಿಫೋನನ್ನು ಇಂಟರ್‌ನೆಟ್ಟಿನಿಂದ ಬಿಡಿಸಿಕೊಳ್ಳುವುದೇ ಮನೆಯಲ್ಲಿ ವ್ಯಾಜ್ಯಕ್ಕೆ ಕಾರಣವಾಗುತ್ತಿದ್ದಿತು. ಮರುವರ್ಷ, 1996ರಲ್ಲಿ, ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಮೊದಲ ಅಂಗಡಿಯನ್ನು ತೆರೆದಾಗ ಕಾಫಿಯೊಡನೆ ಇಂಟರ್‌ನೆಟ್ಟನ್ನೂ ಮಾರಿತೆಂಬುದನ್ನು ಇಂದಿನ ತರುಣರು ಮರೆತಿರಬಹುದು. ಹಲವು ಯಂತ್ರಗಳು ಒಂದು ಸಂಪರ್ಕಕ್ಕೆ ಜೋತುಬಿದ್ದಿರುವ ದೃಶ್ಯವನ್ನು ನಮ್ಮಲ್ಲಿ ಅನೇಕರು ಮೊದಲು ಕಂಡುದು ಮನೆಯಲ್ಲಲ್ಲ, ಇಂಥ ಸೈಬರ್ ಕೆಫೆಗಳಲ್ಲಿ. ಮನೆಯ ಮಟ್ಟಿಗೆ ಈ ವಿದ್ಯೆಯನ್ನು ಸಾಮಾನ್ಯರ ಕೈಗೆ ತಂದದ್ದು 1999ರಲ್ಲಿ ಹೊರಬಂದ ವಿಂಡೋಸ್ 98ರ ದ್ವಿತೀಯ ಆವೃತ್ತಿ. ಅದರಲ್ಲಿ ಸಂಪರ್ಕವನ್ನು ಹಂಚುವ ಸೌಕರ್ಯವನ್ನು ಒಳಗೇ ಕೂಡಿಸಿದ್ದರು. ಆದರೆ ಹಂಚುವ ಕಂಪ್ಯೂಟರು ಹಗಲೂ ಇರುಳೂ ಚಾಲನೆಯಲ್ಲಿರಬೇಕು, ಅಣ್ಣನು ಸಿಟ್ಟಿನಿಂದ ಅದನ್ನು ಆರಿಸಿದನೆಂದರೆ ತಮ್ಮನ ಪ್ರಪಂಚವೂ ಆರಿಹೋಗಬೇಕು. ಹಂಚುವ ಆ ಕೆಲಸವನ್ನು ಈಗ ರೂಟರೆಂಬ ಸಣ್ಣ ಡಬ್ಬಿಯು ವಹಿಸಿಕೊಂಡಿದೆ.

ಈ ಹಂಚಿಕೆಯ ಮರ್ಮವಾವುದೆಂಬುದನ್ನು ಬಲ್ಲವರು ಬಹಳ ಮಂದಿಯಿಲ್ಲ. ಬಲ್ಲೆವೆಂದರೆ ಅದು ಆಶ್ಚರ್ಯಪಡುವಷ್ಟು ಸರಳವಾಗಿಯೂ ಇದೆ. ಇಂಟರ್‌ನೆಟ್ಟಿನ ಹಳೆಯ ವಿಳಾಸ ಪದ್ಧತಿಯಲ್ಲಿ ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಜಗತ್ತಿನ ಯಂತ್ರಗಳಿಗೆಲ್ಲ ಅವು ಸಾಲವೆಂಬುದು ತೊಂಬತ್ತರ ದಶಕದ ಆರಂಭದಲ್ಲಿಯೇ ತಿಳಿದವರಿಗೆ ತಿಳಿದುಹೋಗಿದ್ದಿತು. ಆದುದರಿಂದ 1994ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ಒಂದು ತಾತ್ಕಾಲಿಕ ಉಪಾಯವನ್ನು ಪ್ರಕಟಿಸಿದರು: ಒಳಗಿನ ಯಂತ್ರಗಳಿಗೆ ಒಳಗೆ ಮಾತ್ರ ಸಲ್ಲುವ ವಿಳಾಸಗಳಿರಲಿ, ಬಾಗಿಲಲ್ಲಿ ಅವನ್ನು ಹೊರಗೆ ಸಲ್ಲುವ ವಿಳಾಸಕ್ಕೆ ಮಾರ್ಪಡಿಸೋಣ ಎಂಬುದಾಗಿ. 1996ರಲ್ಲಿ ಅಂಥ ಖಾಸಗಿ ವಿಳಾಸಗಳಿಗೆಂದು ಕೆಲವು ಸಂಖ್ಯಾಸಮೂಹಗಳನ್ನು ಮೀಸಲಿಟ್ಟರು. 192.168 ಎಂದು ಮೊದಲಾಗುವ ವಿಳಾಸವು ಗದಗಿನ ಮನೆಯಲ್ಲಿಯೂ ಉಂಟು, ಗ್ಲಾಸ್ಗೋವಿನ ಮನೆಯಲ್ಲಿಯೂ ಉಂಟು; ಎರಡಕ್ಕೂ ಜಗಳವಿಲ್ಲ, ಏಕೆಂದರೆ ಎರಡೂ ಹೊಸ್ತಿಲನ್ನು ದಾಟುವುದೇ ಇಲ್ಲ. ಒಳಕೋಣೆಯಲ್ಲಿ ಮಗಳ ಲ್ಯಾಪ್‌ಟಾಪು ಪಾಠವನ್ನು ಬೇಡಿ ಒಂದು ಪ್ಯಾಕೆಟ್ಟನ್ನು, ಎಂದರೆ ಮಾಹಿತಿಯ ಪೊಟ್ಟಣವನ್ನು, ಕಳುಹಿಸಿದಾಗ, ರೂಟರು ಅದರ ಮೇಲಿರುವ ಮಗಳ ವಿಳಾಸವನ್ನು ಅಳಿಸಿ, ಮನೆಯ ಹೊರವಿಳಾಸವನ್ನೂ ತಾನು ಆ ಕ್ಷಣಕ್ಕೆ ಆರಿಸಿಕೊಂಡ ಪೋರ್ಟ್ ಸಂಖ್ಯೆಯೊಂದನ್ನೂ ಬರೆದು, ಈ ಸಂಖ್ಯೆ ಮಗಳದೆಂದು ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ; ಉತ್ತರವು ಆ ಸಂಖ್ಯೆಯನ್ನು ಹೊತ್ತು ಹಿಂತಿರುಗಿದಾಗ ಪಟ್ಟಿಯನ್ನು ನೋಡಿ ಮಗಳಿಗೆ ತಲಪಿಸುತ್ತದೆ. ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ, ಯಾರ ಉತ್ತರವೂ ಯಾರಿಗೋ ಹೋಗದಂತೆ, ಬೆಂಕಿಪೊಟ್ಟಣದಷ್ಟು ಬುದ್ಧಿಯೂ ಇಲ್ಲದಂತೆ ತೋರುವ ಆ ಕಪ್ಪು ಡಬ್ಬಿ ಈ ಕೆಲಸವನ್ನು ಮಾಡುತ್ತಲೇ ಇರುತ್ತದೆ. ತಾತ್ಕಾಲಿಕವೆಂದು ಹೇಳಿದ ಉಪಾಯವು ಮೂವತ್ತು ವರ್ಷಗಳನ್ನು ಮೀರಿ ಬಾಳಿದೆ. ಹಳೆಯ ವಿಳಾಸಗಳ ಜಾಗತಿಕ ಉಗ್ರಾಣವು 2011ರ ಫೆಬ್ರವರಿಯಲ್ಲಿ ಬರಿದಾದ ಮೇಲಂತೂ ಅದಿಲ್ಲದೆ ಗತಿಯೇ ಇಲ್ಲವಾಯಿತು.

ಇದರಿಂದ ಒಂದು ವಿಶೇಷ ಫಲವುಂಟಾಯಿತು. ಹೊರಗಿನವರ ಕಣ್ಣಿಗೆ ಮನೆಯೊಂದೇ ಕಾಣುತ್ತದೆ, ಮನೆಯೊಳಗಿನವರು ಕಾಣುವುದಿಲ್ಲ. ಅಮೆರಿಕದ ಕೆಲವು ಕೇಬಲ್ ಕಂಪನಿಗಳು ಮೊದಮೊದಲು ಮನೆಯಲ್ಲಿ ಎರಡನೆಯ ಕಂಪ್ಯೂಟರನ್ನು ಜೋಡಿಸಿದರೆ ತಿಂಗಳಿಗೆ ಬೇರೆಯೇ ಶುಲ್ಕ ಕೊಡಬೇಕೆಂದು ಹಟಹಿಡಿದಿದ್ದವು. ಒಳಗೆ ಎಷ್ಟು ಯಂತ್ರಗಳಿವೆಯೆಂಬುದನ್ನು ಎಣಿಸುವುದಕ್ಕೇ ಆಗದಂತೆ ರೂಟರುಗಳು ಮಾಡಿದ ಮೇಲೆ ಆ ಹಟವು ತಾನಾಗಿಯೇ ಕರಗಿತು. ಇಂದು ಯಾವ ಕಂಪನಿಯೂ ಕಂಪ್ಯೂಟರುಗಳ ತಲೆಯೆಣಿಸಿ ಹಣ ಕೇಳುವುದಿಲ್ಲ. ಇದು ಅವರ ಔದಾರ್ಯವೆಂದು ನಾವು ಭಾವಿಸಬೇಕಾಗಿಲ್ಲ.

ಅದೇ ಫಲಕ್ಕೆ ಇನ್ನೊಂದು ಮುಖವೂ ಉಂಟು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳಾಗುವುದಕ್ಕೆ ಕೆಲವೇ ನಿಮಿಷಗಳ ಮುಂಚೆ ಪತ್ರಿಕಾಲಯಗಳಿಗೆ ಬಂದ ಬೆದರಿಕೆಯ ಇ-ಮೇಲಿನ ಜಾಡನ್ನು ಹಿಡಿದು ಹೊರಟ ಪೊಲೀಸರು ಹೋಗಿ ನಿಂತದ್ದು ನವಿ ಮುಂಬಯಿಯಲ್ಲಿದ್ದ ಒಬ್ಬ ವಿದೇಶೀಯನ ಮನೆಯ ಬಾಗಿಲಲ್ಲಿ. ಅವನ ವೈ-ಫೈಗೆ ರಕ್ಷಣೆಯಿರಲಿಲ್ಲ. ಹೊರಗಿನಿಂದ ಯಾರೋ ಅದನ್ನು ಬಳಸಿಕೊಂಡಿದ್ದರು. ಜಗತ್ತಿಗೆ ಕಾಣುವುದು ಮನೆಯ ವಿಳಾಸ ಮಾತ್ರವಾದುದರಿಂದ ವಿಚಾರಣೆಗೆ ನಿಲ್ಲಬೇಕಾದವನು ಮನೆಯ ಯಜಮಾನ. ಕರ್ತನ ಹೊಣೆಯೆಂದು ನಾನು ಹೇಳಿದ್ದು ಇದನ್ನು.

ನಮ್ಮ ಮನೆಗಳಲ್ಲಿ ಹಂಚಿಕೆ ನಿಜವಾಗಿ ನೆಲೆಯೂರಿದ್ದು 2005ರ ಈಚೆಗೆ. ಹಿಂದಿನ ವರ್ಷವಷ್ಟೆ ಕೇಂದ್ರ ಸರ್ಕಾರವು ಬ್ರಾಡ್‌ಬ್ಯಾಂಡ್ ನೀತಿಯನ್ನು ಘೋಷಿಸಿ, ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದೆಂದು ವಿಧಿಸಿತ್ತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ತನ್ನ ‘ಡೇಟಾಒನ್’ ಸೇವೆಯನ್ನು ಆರಂಭಿಸಿತು. ಅದೇ ತಿಂಗಳಲ್ಲಿ ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳನ್ನು ಲೈಸೆನ್ಸಿನ ಹಂಗಿನಿಂದ ಬಿಡಿಸಿದರು. ಆ ಕಾಲದ ಯೋಜನೆಗಳಲ್ಲಿ ಜನಕ್ಕೆ ಇಂದಿಗೂ ನೆನಪಿರುವುದು ರಾತ್ರಿ ಎರಡರಿಂದ ಬೆಳಗಿನ ಎಂಟರ ತನಕ ಲೆಕ್ಕವಿಲ್ಲದೆ ಬಳಸಿಕೊಳ್ಳಬಹುದಾಗಿದ್ದ ಸೌಕರ್ಯ. ಹಗಲಿನ ಬಳಕೆಗೆ ಮಿತಿಯಿದ್ದುದರಿಂದ ತಿಂಗಳ ಕೊನೆಯ ಬಿಲ್ಲನ್ನು ಹಿಡಿದುಕೊಂಡು ಯಾರು ಎಷ್ಟು ಸುರಿದರೆಂಬ ವಿಚಾರಣೆ ನಡೆಯುತ್ತಿದ್ದಿತು. ಅಲಾರಂ ಇಟ್ಟುಕೊಂಡು ಎರಡು ಗಂಟೆಗೆದ್ದು ಸಿನಿಮಾವನ್ನು ಡೌನ್‌ಲೋಡಿಗೆ ಹಾಕಿ ಮಲಗಿದ ಹುಡುಗರು ಬೆಳಗಿನ ತರಗತಿಯಲ್ಲಿ ತೂಕಡಿಸುತ್ತಿದ್ದರು. ಅಂದಿನ ಕೊರತೆಯು ಪ್ರಮಾಣದ ಕೊರತೆ. ಇಷ್ಟು ಮೆಗಾಬೈಟು ಇವೆ, ಇವನ್ನು ಹಂಚಿಕೊಳ್ಳಿ ಎಂದರೆ ಯಾರಿಗೂ ಅರ್ಥವಾಗುತ್ತಿದ್ದಿತು.

ಇಂದು ಪ್ರಮಾಣಕ್ಕೆ ಬಡತನವಿಲ್ಲ. ನಗರದ ಮನೆಗಳಿಗೆ ನೂರು ಇನ್ನೂರು ಎಂಬಿಪಿಎಸ್ ವೇಗವು ಸಾಮಾನ್ಯವಾಗಿದೆ. ತಿಂಗಳಿಗೆ 3300 ಜಿಬಿಯವರೆಗೆ ಕೊಡುವ ಯೋಜನೆಗಳಿವೆ. ಯಾವ ಸಂಸಾರವೂ ಅದನ್ನು ಸುಲಭವಾಗಿ ಮುಗಿಸಲಾರದು. ಆದರೂ ಮಗಳ ಪಾಠ ನಡುವೆಯೇ ಕಡಿದುಹೋಗುತ್ತದೆ, ಬೇರೆ ದೇಶದಲ್ಲಿರುವ ಮಗನ ಮುಖವು ಫೋನಿನ ಪರದೆಯ ಮೇಲೆ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ನಾವು ಕಂಪನಿಯನ್ನು ಬಯ್ದು, ಇನ್ನೂ ದುಬಾರಿಯ ಪ್ಲಾನ್ ತೆಗೆದುಕೊಳ್ಳುತ್ತೇವೆ; ಕಂಪನಿಯವರೂ ಬಯ್ಗುಳವನ್ನು ಮನ್ನಿಸಿ ಅದನ್ನೇ ಸಲಹೆ ಮಾಡುತ್ತಾರೆ. ಆದರೆ ಬಹುಮಟ್ಟಿಗೆ ರೋಗವಿರುವುದು ವೇಗದಲ್ಲಲ್ಲ, ವಿಭಾಗದಲ್ಲಿ.

ಇದಕ್ಕೆ ಹಿನ್ನೆಲೆಯಾಗಿ ಒಂದು ಪ್ರಸಂಗವನ್ನು ಹೇಳಬೇಕು. 1986ರ ಅಕ್ಟೋಬರಿನಲ್ಲಿ, ಅಮೆರಿಕದ ಬರ್ಕ್‌ಲಿಯಲ್ಲಿ, ಒಂದು ಪ್ರಯೋಗಾಲಯಕ್ಕೂ ಅಲ್ಲಿಂದ ಕೇವಲ ನಾಲ್ಕುನೂರು ಗಜಗಳ ದೂರದಲ್ಲಿದ್ದ ವಿಶ್ವವಿದ್ಯಾನಿಲಯಕ್ಕೂ ನಡುವಣ ಸಂಪರ್ಕದ ವೇಗವು ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ತಂತಿ ತುಂಡಾಗಿರಲಿಲ್ಲ, ಎಲ್ಲರೂ ಒಟ್ಟಿಗೆ ನುಗ್ಗಿ, ಕಳೆದುಹೋದುದನ್ನು ಮತ್ತೆ ಮತ್ತೆ ಕಳುಹಿಸಿ, ಹಾದಿಯನ್ನೇ ಮುಚ್ಚಿಬಿಟ್ಟಿದ್ದರು. ಅದನ್ನು ಕಂಡು ವ್ಯಾನ್ ಜೇಕಬ್ಸನ್ ಎಂಬ ವಿಜ್ಞಾನಿ 1988ರಲ್ಲಿ ಪ್ರಕಟಿಸಿದ ಕ್ರಮದಿಂದ, ಇಂಟರ್‌ನೆಟ್ಟಿನಲ್ಲಿ ಪ್ಯಾಕೆಟ್ಟುಗಳ ಪ್ರತಿಯೊಂದು ಪ್ರವಾಹವೂ ದಾರಿಯಲ್ಲಿ ಇಕ್ಕಟ್ಟನ್ನು ಕಂಡೊಡನೆ ತಾನೇ ತಗ್ಗುವುದನ್ನು ಕಲಿಯಿತು. ಲೋಕೋಪಕಾರವೇ ಸರಿ. ಆದರೆ ಈ ಸೌಜನ್ಯವು ಪ್ರವಾಹ ಪ್ರವಾಹಗಳ ನಡುವಣ ಸೌಜನ್ಯವೇ ಹೊರತು ಮನುಷ್ಯ ಮನುಷ್ಯರ ನಡುವಣದಲ್ಲ. ಒಬ್ಬನು ಒಂದು ಪ್ರವಾಹವನ್ನು ತೆರೆದು, ಇನ್ನೊಬ್ಬನು ನಲವತ್ತನ್ನು ತೆರೆದರೆ, ಇಬ್ಬರಿಗೂ ಸಮಪಾಲೆಂದು ಯಂತ್ರವು ತಿಳಿಯುವುದಿಲ್ಲ. ನಲವತ್ತೊಂದು ಜನ ದಾಯಾದರಿದ್ದಾರೆಂದು ತಿಳಿದು, ಎರಡನೆಯವನಿಗೆ ನಲವತ್ತು ಪಾಲನ್ನು ಅಳೆದುಬಿಡುತ್ತದೆ. ಪಾಠ ಕೇಳುವ ಹುಡುಗಿಯ ಪ್ರವಾಹಗಳು ಒಂದೆರಡು. ಟೊರೆಂಟಿನಲ್ಲಿ ಸಿನಿಮಾ ಇಳಿಸುವವನದು ಹತ್ತಾರು. ವಿಜ್ಞಾನೇಶ್ವರನು ಈ ಪಾಲುಪಟ್ಟಿಯನ್ನು ಒಪ್ಪುತ್ತಿರಲಿಲ್ಲ.

ಇನ್ನೊಂದು ಕೇಡು ಇದಕ್ಕಿಂತ ಸೂಕ್ಷ್ಮವಾದದ್ದು. ಯಾವ ಪ್ಯಾಕೆಟ್ಟೂ ಕಳೆದುಹೋಗಬಾರದೆಂಬ ಅತಿ ಕಾಳಜಿಯಿಂದ ರೂಟರು ತಯಾರಕರು ಅದರೊಳಗೆ ಬಹಳ ದೊಡ್ಡ ಸರತಿಯ ಸ್ಥಳವನ್ನು ಇಟ್ಟರು. ಯಾರದೋ ಫೋನು ಜೇಬಿನಲ್ಲಿದ್ದುಕೊಂಡೇ ಮದುವೆಯ ಆರುನೂರು ಫೋಟೋಗಳನ್ನು ಮೇಲಕ್ಕೆ ಏರಿಸಲು ತೊಡಗಿತೆಂದರೆ ಆ ಸರತಿಯು ಫೋಟೋಗಳಿಂದಲೇ ತುಂಬಿ, ಅದರ ಹಿಂದೆ ಬಂದ ಮಗಳ ಒಂದು ಮಾತಿನ ಪ್ಯಾಕೆಟ್ಟು ಅಷ್ಟೂ ಮುಗಿಯುವ ತನಕ ನಿಂತಿರಬೇಕಾಗುತ್ತದೆ. ವೇಗದ ಪರೀಕ್ಷೆಯಲ್ಲಿ ನೂರು ಎಂಬಿಪಿಎಸ್ ಬಂದೇ ಬರುತ್ತದೆ. ಸಂಭಾಷಣೆ ಮಾತ್ರ ಸಾಗುವುದಿಲ್ಲ. ಇದಕ್ಕೆ ಮದ್ದು ದೊರೆತು ಹತ್ತು ವರ್ಷಗಳ ಮೇಲಾಯಿತು. ಅದೇ ಜೇಕಬ್ಸನ್ನರೂ ಕ್ಯಾಥ್ಲೀನ್ ನಿಕೋಲ್ಸ್ ಎಂಬಾಕೆಯೂ 2012ರಲ್ಲಿ ಪ್ರಕಟಿಸಿದ ಸರತಿ ನಿರ್ವಹಣೆಯ ಕ್ರಮವೂ, ಅದಕ್ಕೆ ಪ್ರವಾಹಗಳನ್ನು ಬೇರ್ಪಡಿಸಿ ಒಂದಾದ ಮೇಲೊಂದಕ್ಕೆ ದಾರಿ ಬಿಡುವ ವಿಧಾನವನ್ನು ಕೂಡಿಸಿದ ಕ್ರಮವೂ ಲಿನಕ್ಸ್ ತಂತ್ರಾಂಶದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಸರತಿಗಳನ್ನು ಯಂತ್ರಕ್ಕೊಂದರಂತೆ, ಎಂದರೆ ಹೆಚ್ಚುಕಡಮೆ ತಲೆಗೊಂದರಂತೆ, ವಿಭಾಗಿಸುವ ಕ್ರಮವೂ ಅವುಗಳ ಹಿಂದೆಯೇ ಬಂದಿದೆ. ಹಾಗಾದರೆ ನಮ್ಮ ಮನೆಯ ಡಬ್ಬಿಯಲ್ಲಿ ಅದೇಕೆ ಕೆಲಸ ಮಾಡುತ್ತಿಲ್ಲ? ಮಾಡಿಸೋಣವೆಂದು ಹೊರಟವನಿಗೆ ಉತ್ತರ ಬೇಗನೆ ದೊರೆಯುತ್ತದೆ.

ಆ ಡಬ್ಬಿಯು ಮನೆಗೆ ಬರುವ ರೀತಿಯನ್ನು ನೋಡಿರಿ. ಸಂಪರ್ಕ ಕೊಡುವುದಕ್ಕೆ ಬಂದ ಹುಡುಗನು ಏಣಿಯನ್ನು ಗೋಡೆಗೊರಗಿಸಿ, ಕಿಟಕಿಗೆ ಸಮೀಪವಾದ ಪ್ಲಗ್ ಎಲ್ಲಿದೆಯೆಂದು ಕೇಳಿ, ಹಾಲ್‌ನಲ್ಲಿ ಟೀವಿಯ ಹಿಂದೆ ಅದನ್ನು ಇಟ್ಟು, ಗೃಹಸ್ಥರ ಫೋನಿನಲ್ಲಿ ವೇಗ ತೋರಿಸಿ, ಸಹಿ ಹಾಕಿಸಿಕೊಂಡು ಹೊರಟುಹೋಗುತ್ತಾನೆ. ಅವನನ್ನು ದೂರಿ ಫಲವಿಲ್ಲ. ದಿನಕ್ಕೆ ಹಲವು ಮನೆಗಳನ್ನು ಮುಗಿಸಬೇಕಾದವನು ಅವನು. ಆದರೆ ಆ ಹತ್ತು ನಿಮಿಷಗಳಲ್ಲಿ ಮನೆಯ ಪಾಲುಪಟ್ಟಿ ಬರೆದು ಮುಗಿದಿರುತ್ತದೆ. ಕರಾವಳಿಯ ಜಂಬಿಟ್ಟಿಗೆಯ ಗೋಡೆ, ಮಲೆನಾಡಿನ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಬಯಲುಸೀಮೆಯ ಕಲ್ಲುಕಟ್ಟಡ, ಇವು 5 ಗಿಗಾಹರ್ಟ್ಸಿನ ತರಂಗವನ್ನು ಎರಡನೆಯ ಕೋಣೆಗೆ ದಾಟಗೊಡುವುದೇ ಕಷ್ಟ. ಹಾಲ್‌ನಲ್ಲಿ ಕಾಲು ಚಾಚಿ ಕುಳಿತವರಿಗೆ ಪೂರ್ಣ ವೇಗ. ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಓದುವ ಹೆಣ್ಣುಮಗುವಿಗೆ ಉಳಿದ ಚೂರು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲೆಂದು ಕರ್ನಾಟಕವು 1994ರಲ್ಲಿಯೇ ಕಾನೂನು ಮಾಡಿತು, ದೇಶಕ್ಕೆಲ್ಲ ಅದು 2005ರಲ್ಲಿ ಬಂದಿತು; ಟೀವಿಯ ಹಿಂದಿನ ಡಬ್ಬಿಗೆ ಆ ಕಾನೂನು ತಿಳಿಯದು. ಐದಾರು ಮೀಟರು ಉದ್ದದ ತಂತಿಯನ್ನು ಹಾಕಿಸಿ ಮನೆಯ ನಡುವಿಗೆ, ಸ್ವಲ್ಪ ಎತ್ತರದಲ್ಲಿ, ಅದನ್ನು ಸ್ಥಾಪಿಸಿಕೊಂಡರೆ ಅರ್ಧ ಅನ್ಯಾಯ ತೀರುತ್ತದೆ. ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲವಾದುದರಿಂದ ಈ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಅಪ್ಪಣೆ ಬೇಕಾಗುವುದು ಡಬ್ಬಿಯ ಒಳಗನ್ನು ಮುಟ್ಟಲು ಹೊರಟಾಗ. ವೈ-ಫೈಯ ಹೆಸರನ್ನೂ ಪಾಸ್‌ವರ್ಡನ್ನೂ ಬದಲಿಸುವಷ್ಟು ಸ್ವಾತಂತ್ರ್ಯವನ್ನು ಸಾಮಾನ್ಯವಾಗಿ ಗ್ರಾಹಕನಿಗೆ ಕೊಟ್ಟಿರುತ್ತಾರೆ. ಯಾವ ಯಂತ್ರಕ್ಕೆ ಪ್ರಾಶಸ್ತ್ಯ, ಅತಿಥಿಗಳಿಗೆ ಬೇರೆಯ ದಾರಿ, ರಾತ್ರಿ ಹತ್ತರ ಮೇಲೆ ಮಕ್ಕಳ ಟ್ಯಾಬಿಗೆ ಬೀಗ, ನಮ್ಮದೇ ಒಳ್ಳೆಯ ರೂಟರೊಂದನ್ನು ಅದರ ಬೆನ್ನಿಗೆ ಜೋಡಿಸುವುದು, ಇವೆಲ್ಲವೂ ಇನ್ನೊಂದು ಪಾಸ್‌ವರ್ಡಿನ ಹಿಂದೆ ಅಡಗಿರುವುದೇ ಹೆಚ್ಚು, ಅದು ಕಂಪನಿಯದು. ನನ್ನ ಮಿತ್ರರೊಬ್ಬರು ತಮ್ಮ ಸಂಪರ್ಕ ಸಂಸ್ಥೆಯ ಹುಡುಗನನ್ನು ಈ ವಿಷಯವಾಗಿ ಕೇಳಿದಾಗ ನಾನು ಅಲ್ಲಿಯೇ ಕುಳಿತಿದ್ದೆನು. “ಅಡ್ಮಿನ್ ಪಾಸ್‌ವರ್ಡ್ ಕೊಡೋಕೆ ಬರಲ್ಲ ಸಾರ್. ಏನು ಬೇಕೋ ಹೇಳಿ, ಆಫೀಸಿಂದಾನೇ ಮಾಡಿಸ್ತೀವಿ” ಎಂದನು. “ಅಲ್ಲಪ್ಪ, ಯಾರಾದರೂ ಇದರಿಂದ ಕೆಟ್ಟ ಕೆಲಸ ಮಾಡಿದರೆ ಪೊಲೀಸರು ನಿಮ್ಮ ಆಫೀಸಿಗೆ ಬರುತ್ತಾರೋ, ನಮ್ಮ ಮನೆಗೆ ಬರುತ್ತಾರೋ?” ಎಂದು ಇವರು ಕೇಳಿದರು. ಹುಡುಗನು ನಕ್ಕು, “ಕನೆಕ್ಷನ್ ನಿಮ್ಮ ಹೆಸರಲ್ಲಿದೆಯಲ್ಲ ಸಾರ್” ಎಂದನು. ಸಮಸ್ಯೆಯ ಸಾರವೆಲ್ಲವೂ ಆ ಉತ್ತರದಲ್ಲಿದೆ.

ಕಂಪನಿಗಳ ಪಕ್ಷದಲ್ಲಿಯೂ ಹೇಳತಕ್ಕದ್ದು ಇಲ್ಲದಿಲ್ಲ. ಗೃಹಸ್ಥರು ಏನನ್ನೋ ಒತ್ತಿ ಕೆಡಿಸಿಕೊಳ್ಳುತ್ತಾರೆ, ಆಮೇಲೆ ದೂರು ನಮ್ಮ ಮೇಲೆ ಬರುತ್ತದೆಯೆಂಬುದು ಮೊದಲನೆಯದು. ಅದು ದಿಟವೂ ಹೌದು. ಭದ್ರತೆಯ ಪ್ರಶ್ನೆ ಎರಡನೆಯದು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಯಾರೂ ಬದಲಿಸದೆ ಬಿಟ್ಟಿದ್ದ ಕಾರ್ಖಾನೆಯ ಪಾಸ್‌ವರ್ಡುಗಳಿಂದಲೇ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡದ್ದು ಎಲ್ಲರೂ ಬಲ್ಲ ವಿಷಯ. ಹೀಗಿರಲಾಗಿ ಗ್ರಾಹಕನ ಕೈಗೆ ಬೀಗದ ಕೈಯನ್ನು ಕೊಡುವುದು ಅಪಾಯವಲ್ಲವೆ ಎಂದು ಕೇಳುತ್ತಾರೆ. ಆದರೆ ಅದೇ ವರ್ಷದ ನವೆಂಬರಿನಲ್ಲಿ ಜರ್ಮನಿಯಲ್ಲಿ ಸುಮಾರು 9 ಲಕ್ಷ ಮನೆಗಳ ಸಂಪರ್ಕವು ಅದೇ ಪೀಡೆಯ ಇನ್ನೊಂದು ರೂಪದಿಂದ ಸ್ಥಗಿತವಾದಾಗ, ದಾಳಿಕಾರರು ತಟ್ಟಿದ್ದು ಗ್ರಾಹಕರ ಬಾಗಿಲನ್ನಲ್ಲ. ರೂಟರುಗಳನ್ನು ದೂರದಿಂದ ನಿರ್ವಹಿಸುವುದಕ್ಕೆಂದು ಇರಿಸಿದ್ದ ಬಾಗಿಲನ್ನೇ. ಬೀಗದ ಕೈ ಕಂಪನಿಯಲ್ಲಿದ್ದ ಮಾತ್ರಕ್ಕೆ ಮನೆ ಭದ್ರವೆಂಬ ವಾದ ಅಲ್ಲಿಗೆ ನಿಂತಿತು. ಅದೇ ಜರ್ಮನಿಯಲ್ಲಿ ಅದಕ್ಕೆ ಕೆಲವೇ ತಿಂಗಳು ಹಿಂದೆ, 2016ರ ಆಗಸ್ಟ್ 1ರಿಂದ, ಗ್ರಾಹಕನು ತನಗೆ ಬೇಕಾದ ರೂಟರನ್ನು ತಾನೇ ಕೊಂಡು ಹಾಕಿಕೊಳ್ಳಬಹುದು, ಕಂಪನಿಯು ತನ್ನದನ್ನೇ ಬಳಸೆಂದು ಬಲವಂತ ಮಾಡತಕ್ಕದ್ದಲ್ಲವೆಂಬ ಕಾನೂನು ಜಾರಿಗೆ ಬಂದಿದ್ದಿತು. ಆ ದೇಶದ ಕಂಪನಿಗಳು ಇದರಿಂದ ಮುಳುಗಿಹೋಗಲಿಲ್ಲ.

ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಇಂಥ ವಿಷಯಗಳಲ್ಲಿ ಕೈಹಾಕದೆ ಇದ್ದದ್ದಲ್ಲ. ಮಿತಿ ಮೀರಿದ ಮೇಲೆಯೂ ಬ್ರಾಡ್‌ಬ್ಯಾಂಡಿನ ವೇಗವು 512 ಕಿಲೋಬಿಟ್ಟಿಗಿಂತ ಕೆಳಗಿಳಿಯಕೂಡದೆಂದು 2016ರಲ್ಲಿ ಅದು ಕಂಪನಿಗಳಿಗೆ ನಿರ್ದೇಶಿಸಿತು, ಕಂಪನಿಗಳೂ ನಡೆದುಕೊಂಡವು. ಹಾಗೆಯೇ, ಸಂಪರ್ಕ ಕೊಡುವ ದಿನವೇ ರೂಟರಿನ ಪೂರ್ಣ ಅಧಿಕಾರದ ಪಾಸ್‌ವರ್ಡನ್ನು ಬರೆದುಕೊಡಬೇಕು, ಸ್ವಂತ ರೂಟರನ್ನು ಬಯಸುವವರಿಗೆ ಅಡ್ಡಿ ಮಾಡಕೂಡದು, ಸರತಿಯ ನಿರ್ವಹಣೆಯನ್ನು ಕಾರ್ಖಾನೆಯಲ್ಲಿಯೇ ಚಾಲನೆಯಲ್ಲಿಟ್ಟು ಕಳುಹಿಸಬೇಕು ಎಂದು ವಿಧಿಸಿದರೆ ಆಕಾಶವೇನೂ ಕಳಚಿ ಬೀಳದು. ಅಧಿಕಾರವನ್ನು ಬಳಸಲಾರದವರು ಕಂಪನಿಯಿಂದಲೇ ಮಾಡಿಸಿಕೊಳ್ಳಲಿ. ಇಂದಿಗೂ ಬಹುಮಂದಿ ಅದನ್ನೇ ಮಾಡುತ್ತಾರೆ.

ಇಷ್ಟು ಮನೆಯೊಳಗಿನ ಮಾತಾಯಿತು. ಗೋಡೆಯಾಚೆಯ ಮಾತು ಇನ್ನೂ ತೊಡಕಿನದು. ಮಹಡಿಯ ಮೇಲಿನ ಬಾಡಿಗೆದಾರರಿಗೋ ಪಕ್ಕದ ಮನೆಯ ಮಕ್ಕಳಿಗೋ ಸಂಪರ್ಕವನ್ನು ಹಂಚಿದರೆ ಅದು ಒಪ್ಪಂದದ ಉಲ್ಲಂಘನೆಯೆಂದು ಕಂಪನಿಗಳ ಷರತ್ತಿನ ಪತ್ರಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿರುವುದುಂಟು. ಇದರಲ್ಲಿ ನನಗೆ ನಗು ಬರಿಸುವ ಸಂಗತಿಯೊಂದಿದೆ. ನಮ್ಮ ಮನೆಗೆಂದು ಮಾರಿದ ಫೈಬರು ನಮ್ಮೊಬ್ಬರದಲ್ಲ. ಇಂದಿನ ಸಾಮಾನ್ಯ ವ್ಯವಸ್ಥೆಯಲ್ಲಿ, ವಿನಿಮಯ ಕೇಂದ್ರದಿಂದ ಹೊರಟ ಒಂದು ಎಳೆಯನ್ನು ಬೀದಿಯ ಪೆಟ್ಟಿಗೆಯಲ್ಲಿ ಬೆಳಕನ್ನೇ ಸೀಳಿ 32 ಅಥವಾ 64 ಮನೆಗಳಿಗೆ ಕೊಡುತ್ತಾರೆ. ಸೆಕೆಂಡಿಗೆ ಎರಡೂವರೆ ಗಿಗಾಬಿಟ್ಟಿನಷ್ಟನ್ನು ಅಷ್ಟೂ ಮನೆಗಳು ಅನುಭವಿಸಬೇಕು. ವಿಳಾಸದ ವಿಷಯವೂ ಹಾಗೆಯೇ: ನೂರಾರು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ನಿಲ್ಲಿಸುವುದನ್ನು ಕಂಪನಿಗಳು ರೂಢಿ ಮಾಡಿಕೊಂಡಿವೆ. ಎಂದಮೇಲೆ ಕಂಪನಿಯು ಮಾಡುತ್ತಿರುವುದೂ ಹಂಚಿಕೆಯೇ. ಅದು ಅರುವತ್ತುನಾಲ್ಕು ಮನೆಗಳಿಗೆ ಹಂಚಿ ಮಾರಿದರೆ ವ್ಯಾಪಾರ, ನಾನು ಮಹಡಿಯವರಿಗೆ ಹಂಚಿ ಕೊಟ್ಟರೆ ಅಪರಾಧ!

2020ರ ಮಾರ್ಚಿನಲ್ಲಿ ದೇಶಕ್ಕೆ ಬೀಗ ಬಿದ್ದು ಶಾಲೆಗಳು ಮುಚ್ಚಿಹೋದಾಗ, ಮಲೆನಾಡಿನ ಮಕ್ಕಳು ಸಿಗ್ನಲನ್ನು ಹುಡುಕಿಕೊಂಡು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡವನ್ನು ಹತ್ತಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಸರ್ಕಾರವು ‘ವಿದ್ಯಾಗಮ’ವೆಂಬ ಹೆಸರಿನಿಂದ ಅಧ್ಯಾಪಕರನ್ನೇ ಮಕ್ಕಳ ಬಳಿಗೆ ಕಳುಹಿಸಬೇಕಾಗಿ ಬಂದದ್ದು ಈ ಕಾರಣದಿಂದಲೇ. ಆ ದಿನಗಳಲ್ಲಿ ಯಾವುದೋ ಹಳ್ಳಿಯಲ್ಲಿ ಒಂದು ಮನೆಗೆ ಮಾತ್ರ ಬ್ರಾಡ್‌ಬ್ಯಾಂಡ್ ಇದ್ದು, ಆ ಮನೆಯವರು ಜಗುಲಿಯನ್ನು ನೆರೆಯ ಮಕ್ಕಳಿಗೆ ಬಿಟ್ಟುಕೊಟ್ಟಿದ್ದರೆ, ಷರತ್ತಿನ ಪತ್ರವನ್ನು ಹಿಡಿದುಕೊಂಡು ಅವರನ್ನು ತಡೆಯುವ ಧೈರ್ಯ ಯಾರಿಗಿದ್ದೀತು?

ಕೇಂದ್ರ ಸರ್ಕಾರಕ್ಕೆ ಇದರ ಅರಿವು ಇಲ್ಲವೆನ್ನುವಂತಿಲ್ಲ. 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ‘ಪಿಎಂ-ವಾಣಿ’ ಯೋಜನೆಯ ಪ್ರಕಾರ ಕಿರಾಣಿ ಅಂಗಡಿಯವನಾಗಲಿ ಚಹದ ಅಂಗಡಿಯವನಾಗಲಿ ಲೈಸೆನ್ಸಿಲ್ಲದೆಯೇ ತನ್ನ ಸಂಪರ್ಕವನ್ನು ವೈ-ಫೈಯಾಗಿ ಸಾರ್ವಜನಿಕರಿಗೆ ಹಂಚಬಹುದು. ಬಳಸುವವರು ತಮ್ಮ ಗುರುತನ್ನು ದೃಢಪಡಿಸಿಯೇ ಒಳಬರಬೇಕಾದುದರಿಂದ ನವಿ ಮುಂಬಯಿಯ ಗೃಹಸ್ಥನಿಗಾದ ಪಾಡು ಅಂಗಡಿಯವನಿಗೆ ಆಗದು. ಯೋಜನೆಯೇನೋ ಸೊಗಸಾಗಿದ್ದಿತು, ಆದರೆ ಅಂಗಡಿಯವರಿಗೆ ಮನೆಯ ದರದಲ್ಲಿ ಸಂಪರ್ಕ ಕೊಡಲು ಒಪ್ಪದೆ ಕಂಪನಿಗಳು ಬಹಳ ದುಬಾರಿಯಾದ ವಾಣಿಜ್ಯದ ಸಂಪರ್ಕವನ್ನು ತೋರಿಸುತ್ತಿದ್ದುದರಿಂದ ಅದು ಕುಂಟಿತು. ಕೊನೆಗೆ 2025ರ ಜೂನಿನಲ್ಲಿ ನಿಯಂತ್ರಣ ಪ್ರಾಧಿಕಾರವು, 200 ಎಂಬಿಪಿಎಸ್‌ವರೆಗಿನ ಮನೆಯ ಫೈಬರು ಯೋಜನೆಗಳನ್ನು ಇಂಥ ಅಂಗಡಿಗಳಿಗೂ ಕೊಡಬೇಕು, ಮನೆಯ ದರದ ಎರಡರಷ್ಟನ್ನು ಮೀರಿ ಕೇಳಕೂಡದು ಎಂದು ಆದೇಶ ಹೊರಡಿಸಿತು.

ಎರಡರಷ್ಟೆಂಬ ಈ ಅಳತೆಯು ನನಗೆ ಬಹಳ ಮೆಚ್ಚುಗೆಯಾಗಿದೆ, ಏಕೆಂದರೆ ಹಂಚಿಕೆಗೂ ಒಂದು ನ್ಯಾಯವಾದ ಬೆಲೆ ಕಟ್ಟಬಹುದೆಂಬುದನ್ನು ಅದು ಒಪ್ಪಿಕೊಂಡಿದೆ. ಅಂಗಡಿಗೆ ಸಲ್ಲುವ ನ್ಯಾಯವನ್ನು ಮನೆಗೂ ವಿಸ್ತರಿಸಬಾರದೇಕೆ? ಒಂದೇ ಕಟ್ಟಡದಲ್ಲಿರುವ ಎರಡು ಮೂರು ಒಕ್ಕಲುಗಳು ಒಂದು ಸಂಪರ್ಕವನ್ನು ಕೂಡಿ ಪಡೆಯುವುದಕ್ಕೆ ಅವಕಾಶವಿರಲಿ. ಬಿಲ್ಲಿನ ಮೇಲೆ ಅವರೆಲ್ಲರ ಹೆಸರೂ ಇರಲಿ. ಪ್ರತಿಯೊಂದು ಮನೆಗೂ ರೂಟರಿನಲ್ಲಿ ಬೇರೆ ಬೇರೆ ದಾರಿ ಮಾಡಿಕೊಟ್ಟು ಅವರವರ ಹೊಣೆಯನ್ನು ಅವರವರಿಗೇ ಅಂಟಿಸಲಿ. ಅದಕ್ಕಾಗಿ ಕಂಪನಿಯವರು ಮನೆಯ ದರದ ಒಂದೂವರೆಯಷ್ಟನ್ನು ಕೇಳಿದರೂ, ನಮ್ಮ ವಠಾರಗಳಲ್ಲಿಯೂ ಪಿಜಿಗಳಲ್ಲಿಯೂ ತಲೆಗಿಷ್ಟೆಂದು ಹಣ ಕೂಡಿಸಿ ಈಗಾಗಲೇ ಗುಟ್ಟಾಗಿ ಹಂಚಿಕೊಳ್ಳುತ್ತಿರುವ ಜನ ಅದನ್ನು ಸಂತೋಷದಿಂದಲೇ ಕೊಟ್ಟಾರು.